‘ದಿ ಎಲಿಫೆಂಟ್ ಮ್ಯಾನ್’ ನೋಡಿ ಅತ್ತವರೆಲ್ಲ ಇಲ್ಲಿ ಬನ್ನಿ, ಒಂದು ತಕರಾರು ಉಂಟು

ಕದ್ರಿಗುಡ್ಡೆ · ಭಾನುವಾರ ಬೆಳಗ್ಗೆ

ನಿನ್ನೆ ನಮ್ಮ ಬಳಗದವರು ಸೇರಿ ಸಿನಿಮಾ ನೋಡಿದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಅಳುವ ಮುಖಗಳೇ ತುಂಬಿಹೋಗಿವೆ. ಅಲ್ಲಿ ಏನು ಬರೆದರೂ ಶುಭೋದಯದ ಹೂಗಳ ಅಡಿಗೆ ಬೀಳ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಾರದವರಿಗೆ ಕತೆ ಇಷ್ಟು. 1980ರ ಕಪ್ಪು-ಬಿಳುಪು ಚಿತ್ರ, ನಿರ್ದೇಶಕ ಡೇವಿಡ್ ಲಿಂಚ್. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್. ಮೈತುಂಬ ಗಂಟು, ಸೊಟ್ಟ ಬೆನ್ನು, ಊದಿಕೊಂಡ ತಲೆ ಇರುವ ಯುವಕನೊಬ್ಬನನ್ನು ‘ಆನೆ ಮನುಷ್ಯ’ ಅಂತ ಪರದೆ ಹಿಂದೆ ನಿಲ್ಲಿಸಿ ಕಾಸು ಎತ್ತುತ್ತಾರೆ. ಟ್ರೀವ್ಸ್ ಎಂಬ ಸರ್ಜನ್ ಅವನನ್ನು ಆಸ್ಪತ್ರೆಗೆ ತರುತ್ತಾನೆ. ಆಸ್ಪತ್ರೆಯ ಮುಖ್ಯಸ್ಥರಿಗೆ ಇವನನ್ನು ಇಟ್ಟುಕೊಳ್ಳುವ ಮನಸ್ಸಿಲ್ಲ. ಡಾಕ್ಟ್ರು ಬೈಬಲ್ಲಿನ 23ನೇ ಕೀರ್ತನೆಯ ನಾಲ್ಕು ಸಾಲು ಬಾಯಿಪಾಠ ಮಾಡಿಸಿ ಅವನ ಬುದ್ಧಿ ತೋರಿಸಲು ನೋಡುತ್ತಾನೆ. ಗಿಳಿಪಾಠ ಅಂತ ಮುಖ್ಯಸ್ಥರಿಗೆ ಗೊತ್ತಾಗಿ ಎದ್ದು ಹೋಗ್ತಾರೆ. ಬಾಗಿಲು ದಾಟಿದ ಮೇಲೆ ಒಳಗಿನಿಂದ ಹೇಳಿಕೊಡದ ಸಾಲುಗಳೂ ಕೇಳಿಸ್ತವೆ. ಅವನಿಗೆ ಮೊದಲೇ ಬರ್ತಿತ್ತು. ಅಲ್ಲಿಂದ ಎಲ್ಲವೂ ಬದಲು.

ನನ್ನ ತಕರಾರು ಇದು. ಆ ಸಾಲುಗಳು ಅವನಿಗೆ ಬರದೇ ಇದ್ದಿದ್ದರೆ? ಅಕ್ಷರ ಗೊತ್ತಿಲ್ಲದ, ಬಾಯಿ ಸ್ವಲ್ಪ ಒರಟಾದ ಮನುಷ್ಯ ಆಗಿದ್ದರೆ? ಈ ಮೆರಿಕ್ ನಯವಾಗಿ ಮಾತಾಡ್ತಾನೆ, ಚಹಾ ಕಪ್ಪು ನಾಜೂಕಾಗಿ ಹಿಡೀತಾನೆ, ತಾಯಿಯ ಚಿತ್ರ ಎದೆಯ ಹತ್ತಿರ ಇಟ್ಟುಕೊಳ್ತಾನೆ, ಹೊಡೆದವನ ಮೇಲೂ ಸಿಟ್ಟಿಲ್ಲ. ಇಷ್ಟೆಲ್ಲ ಸರ್ಟಿಫಿಕೇಟು ಕೊಟ್ಟ ಮೇಲೆ ನಮಗೆ ಅಳು ಬಂತು. ಸಮಾಜ ಹೊರಗಿಟ್ಟವನ ಕತೆ ಹೇಳುವವರೆಲ್ಲ ಅವನನ್ನು ಮೊದಲು ದೇವರಂಥವನನ್ನಾಗಿ ಮಾಡಿಬಿಡುವುದು ಯಾಕೆ ಅಂತ ನನ್ನ ಪ್ರಶ್ನೆ.

ಮಲ್ಪೆ ಮೀನು

ಸರ್, ಸ್ಟೇಷನ್ನಿನ ಸೀನಿಗೆ ನೀವು ಕನ್ನಡಕ ತೆಗೆದು ಒರೆಸಿದ್ದನ್ನು ಹಿಂದಿನ ಸಾಲಿನಿಂದ ನೋಡಿದ್ದೇನೆ. ಈಗ ಸೈದ್ಧಾಂತಿಕ ಭಾಷಣವಾ?

ಕದ್ರಿಗುಡ್ಡೆ

ಸೆಕೆಗೆ ಮಾರಾಯ. ಆ ಮೂಲೆಗೆ ಫ್ಯಾನ್ ಗಾಳಿ ಬರುದಿಲ್ಲ.

ಬ್ರಹ್ಮಾವರದ ಟೀಚರ್

ಕದ್ರಿಗುಡ್ಡೆಯವರೇ, ಸಿನಿಮಾದ ಮೇಲೆ ನೀವು ಹಾಕಿದ ಕೇಸನ್ನು ಸಿನಿಮಾ ತಾನೇ ಮೊದಲು ಹಾಕಿಕೊಂಡಿದೆ. ನೆನಪು ಮಾಡಿಕೊಳ್ಳಿ: ಲಂಡನ್ನಿನ ದೊಡ್ಡಮಂದಿ ಒಬ್ಬೊಬ್ಬರೇ ಚಹಾಕ್ಕೆ ಬರಲು ಶುರುವಾದಾಗ ಹಿರಿಯ ನರ್ಸ್ ಟ್ರೀವ್ಸ್‌ನ ಮುಖಕ್ಕೇ ಹೇಳ್ತಾಳೆ, ಮತ್ತೆ ಇವನನ್ನು ನೋಡುವ ವಸ್ತು ಮಾಡ್ತಿದ್ದೀರಿ ಅಂತ. ಡೇರೆಗೆ ಪೆನ್ನಿ ಕೊಟ್ಟು ಬಂದವರು ಕಿರುಚಿದರು, ಇವರು ಕೈಗವಸು ತೊಟ್ಟು ಬಂದು ಮುಗುಳ್ನಗ್ತಾರೆ, ಅಷ್ಟೇ. ಕೆಲವರ ಕೈಯಲ್ಲಿ ಕಪ್ಪು-ಬಸಿ ನಡುಗುವ ಸದ್ದು ಕೂಡ ಕೇಳಿಸ್ತದೆ. ಆಮೇಲೆ ಟ್ರೀವ್ಸ್‌ಗೆ ರಾತ್ರಿ ನಿದ್ದೆ ಬರುದಿಲ್ಲ, ತಾನು ಒಳ್ಳೆಯವನೋ ಕೆಟ್ಟವನೋ ಅಂತ ಹೆಂಡತಿಯ ಹತ್ತಿರ ಕೇಳ್ತಾನೆ.

ಇನ್ನೊಂದು, ಲಿಂಚ್ ನಮಗೆ ಮೆರಿಕ್‌ನ ಮುಖವನ್ನು ಸುಲಭಕ್ಕೆ ತೋರಿಸುದಿಲ್ಲ. ಸುಮಾರು ಅರ್ಧ ಗಂಟೆ ಬರೀ ಗೋಣಿಯಂಥ ಮುಸುಕು, ನೆರಳು, ಪರದೆ. ಟ್ರೀವ್ಸ್ ಮೊದಲ ಸಲ ನೋಡುವಾಗ ಕ್ಯಾಮೆರಾ ಮೆರಿಕ್ ಮೇಲೆ ನಿಲ್ಲದೆ ಡಾಕ್ಟ್ರ ಮುಖಕ್ಕೆ ಹತ್ತಿರ ಹೋಗ್ತದೆ, ಆಂಥೊನಿ ಹಾಪ್ಕಿನ್ಸ್ ರೆಪ್ಪೆ ಬಡಿಯದೆ ನಿಂತಿದ್ದಾರೆ, ಕಣ್ಣೀರು ತಾನಾಗಿ ಇಳೀತದೆ. ಅಷ್ಟರಲ್ಲಿ ನಮಗೂ ನೋಡುವ ಚಪಲ ಹತ್ತಿರ್ತದೆ. ಸಣ್ಣ ನರ್ಸೊಬ್ಬಳು ಊಟದ ತಟ್ಟೆ ತಂದು ಕಿರುಚಿದಾಗ ಮುಖ ಕಾಣ್ತದೆ. ನಿಜ ಹೇಳಿ, ಆಗ ನಿಮಗೆ “ಅಬ್ಬ, ಕೊನೆಗೂ ತೋರಿಸಿದರು” ಅಂತ ಅನಿಸಲಿಲ್ಲವಾ? ಆ ಡೇರೆಯ ಟಿಕೆಟನ್ನು ನಾವೂ ತೆಗೆದುಕೊಂಡಿದ್ದೇವೆ.

ಕುಂದಾಪ್ರದವ

ಹ್ವಾಯ್, ಇಷ್ಟ್ ಉದ್ದ ಬರೂಕೆ ನಿಮ್ಗೆಲ್ಲ ಪುರ್ಸೊತ್ತ್ ಎಲ್ಲಿಂದ ಬತ್ತ್ ಮಾರಾಯ್ರೆ? ಓದಿ ಮುಗ್ಸೂಕೆ ನಂಗೆ ಎರಡ್ ಚಾ ಬೇಕಾಯ್ತ್. ಆರೂ ಟೀಚರ್ ಹೇಳದ್ ಸಮ ಇತ್ತ್.

ಚರ್ಮಾಂಬರ

ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡ್ತಿರುವವನ ಒಂದೆರಡು ಮಾತು. (ಹೆಸರು ಶಿವನದ್ದು, ಕೆಲಸ ಮುಲಾಮಿನದ್ದು.)

ಮೆರಿಕ್ ನಿಜವಾಗಿ ಇದ್ದವನು. ಹೆಸರು ಜೋಸೆಫ್. ಟ್ರೀವ್ಸ್ 1923ರಲ್ಲಿ ಬಂದ ತನ್ನ ನೆನಪುಗಳ ಪುಸ್ತಕದಲ್ಲಿ ಜಾನ್ ಅಂತ ಬರೆದದ್ದನ್ನೇ ಸಿನಿಮಾ ಇಟ್ಟುಕೊಂಡಿದೆ. ಹುಟ್ಟಿದ್ದು 1862, ಲೆಸ್ಟರ್ ಎಂಬ ಊರು. ಬಹಳ ಕಾಲ ಇದನ್ನು ನ್ಯೂರೋಫೈಬ್ರೊಮಾಟೊಸಿಸ್ (ನರಗಳ ಮೇಲೆ ಗಂಟು ಬೆಳೆಯುವ ರೋಗ) ಅಂತಲೇ ಪಾಠ ಮಾಡ್ತಿದ್ದರು. 1986ರಲ್ಲಿ ಇಬ್ಬರು ವೈದ್ಯರು, ಲಕ್ಷಣಗಳು ಪ್ರೋಟಿಯಸ್ ಸಿಂಡ್ರೋಮ್‌ಗೆ ಹೆಚ್ಚು ಹೊಂದುತ್ತವೆ ಅಂತ ವಾದಿಸಿದರು. ಈಗ ಹೆಚ್ಚಿನವರು ಅದನ್ನೇ ಒಪ್ತಾರೆ. ಪ್ರೋಟಿಯಸ್ ಅಂದರೆ ದೇಹದ ಕೆಲವು ಭಾಗದ ಎಲುಬು, ಚರ್ಮ ಅಳತೆ ಮೀರಿ ಬೆಳೆಯುವುದು. ಗರ್ಭದಲ್ಲಿರುವಾಗ ಕೆಲವೇ ಜೀವಕೋಶಗಳ ಎಕೆಟಿ1 ಎಂಬ ಜೀನಿನಲ್ಲಿ ಆಗುವ ಬದಲಾವಣೆ ಇದಕ್ಕೆ ಕಾರಣ ಅಂತ 2011ರಲ್ಲಿ ಗೊತ್ತಾಯಿತು. ಎಲ್ಲ ಜೀವಕೋಶಗಳಲ್ಲಿ ಇರುವುದಿಲ್ಲ, ಅದಕ್ಕೇ ಮೆರಿಕ್‌ನ ಬಲಗೈ ಅಷ್ಟು ದಪ್ಪ ಇದ್ದರೂ ಎಡಗೈ ನಮ್ಮ-ನಿಮ್ಮ ಹಾಗೇ ಇತ್ತು. ಅಪ್ಪ-ಅಮ್ಮನಿಂದ ಬರುವುದಲ್ಲ, ಅಂಟುವುದೂ ಅಲ್ಲ.

ಸಿನಿಮಾದ ಮೊದಲಿಗೆ ಆನೆಗಳು ಒಬ್ಬ ಹೆಂಗಸಿನ ಮೇಲೆ ಬರುವ ಕನಸಿನಂಥ ದೃಶ್ಯ ಉಂಟಲ್ಲ, ಅದು ಸುಮ್ಮನೆ ಇಟ್ಟದ್ದಲ್ಲ. ಬಸುರಿ ತಾಯಿ ಆನೆಗೆ ಹೆದರಿದ್ದೇ ತನ್ನ ಈ ಸ್ಥಿತಿಗೆ ಕಾರಣ ಅಂತ ಮೆರಿಕ್ ಸ್ವತಃ ನಂಬಿದ್ದ. ನಗಬೇಡಿ. ಗ್ರಹಣದ ದಿನ ಬಸುರಿ ಕತ್ತಿ ಹಿಡಿದದ್ದಕ್ಕೆ ಮಗುವಿಗೆ ಸೀಳುತುಟಿ ಆಯ್ತು ಅಂತ ಅತ್ತೆಯಿಂದ ಬೈಸಿಕೊಂಡ ತಾಯಂದಿರು ನಮ್ಮ ಒಪಿಡಿಗೂ ಬರ್ತಾರೆ.

ಸತ್ತದ್ದು 1890ರ ಏಪ್ರಿಲ್ 11, ವಯಸ್ಸು 27. ತಲೆಯ ಭಾರಕ್ಕೆ ಅವನು ಕೂತೇ ನಿದ್ದೆ ಮಾಡಬೇಕಿತ್ತು. ಎಲ್ಲರ ಹಾಗೆ ಮಲಗಲು ನೋಡಿ ಕುತ್ತಿಗೆಯ ಎಲುಬು ಜಾರಿರಬೇಕು ಅಂತ ಟ್ರೀವ್ಸ್ ಊಹಿಸಿದ. ಅಸ್ಥಿಪಂಜರ ಈಗಲೂ ಅದೇ ಆಸ್ಪತ್ರೆಯ ಮೆಡಿಕಲ್ ಕಾಲೇಜಿನ ಹತ್ತಿರ ಉಂಟು. ಅದನ್ನು ಮಣ್ಣು ಮಾಡಬೇಕು ಅಂತ ಕೇಳುವವರೂ ಇದ್ದಾರೆ.

ಸತ್ಯಂವದ_63

ಎಷ್ಟೇ ಜೀನು ಅಂದರೂ ಕರ್ಮ ಅನ್ನುವುದು ಒಂದು ಉಂಟು. ಹಿಂದಿನ ಜನ್ಮದಲ್ಲಿ

*[ಉಳಿದ ಸಾಲುಗಳನ್ನು ತೆಗೆಯಲಾಗಿದೆ. ರೋಗ ಇದ್ದವರನ್ನು ನೋಯಿಸುವ ಮಾತು ಇಲ್ಲಿ ಬೇಡ. – ನಿರ್ವಾಹಕ]*

ಮಲ್ಪೆ ಮೀನು

ನಿರ್ವಾಹಕರೇ, ತೆಗೆದದ್ದು ಒಳ್ಳೆಯದಾಯ್ತು. ನನ್ನ ಹಿಂದಿನ ಜನ್ಮದ ಲೆಕ್ಕ ಹೊರಗೆ ಬಂದರೆ ಈ ವೇದಿಕೆ ಮುಚ್ಚಬೇಕಾದೀತು.

ಚೌಕಿಮನೆ

ಮೇಕಪ್ಪಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ? ಮೆರಿಕ್ ಪಾತ್ರ ಮಾಡಿದ ಜಾನ್ ಹರ್ಟ್ ದಿನಕ್ಕೆ ಏಳೆಂಟು ಗಂಟೆ ಮೇಕಪ್ಪಿಗೆ ಕೂರಬೇಕಿತ್ತಂತೆ, ತೆಗೆಯಲು ಬೇರೆ ಎರಡು ಗಂಟೆ. ಮೊದಲು ಲಿಂಚ್ ತಾನೇ ಮಾಡಲು ಹೋಗಿ ಸೋತು, ಆಮೇಲೆ ಕ್ರಿಸ್ಟೋಫರ್ ಟಕರ್ ಎಂಬವರು ಬಂದರು. ಆಸ್ಪತ್ರೆಯಲ್ಲಿ ಉಳಿಸಿಟ್ಟಿದ್ದ ಮೆರಿಕ್‌ನ ಮೈಯ ಅಚ್ಚುಗಳನ್ನೇ ನೋಡಿಕೊಂಡು ಮಾಡಿದ ಕೆಲಸ. ಚಿತ್ರಕ್ಕೆ ಎಂಟು ಆಸ್ಕರ್ ನಾಮನಿರ್ದೇಶನ ಬಂದರೂ ಮೇಕಪ್ಪಿಗೆ ಪ್ರಶಸ್ತಿಯೇ ಇರಲಿಲ್ಲ, ಎಂಟರಲ್ಲಿ ಒಂದೂ ಸಿಗಲೂ ಇಲ್ಲ. ಗಲಾಟೆ ಆಗಿ ಮರುವರ್ಷದಿಂದ ಮೇಕಪ್ಪಿಗೆ ಪ್ರತ್ಯೇಕ ಆಸ್ಕರ್ ಶುರುವಾಯಿತು. ನಿರ್ಮಾಪಕ ಮೆಲ್ ಬ್ರೂಕ್ಸ್, ನಗೆಚಿತ್ರಗಳ ರಾಜ. ತನ್ನ ಹೆಸರು ಕಂಡರೆ ಜನ ನಗಲು ತಯಾರಾಗಿ ಬಂದಾರು ಅಂತ ಟೈಟಲ್ಲಿನಲ್ಲಿ ಹೆಸರೇ ಹಾಕಿಸಲಿಲ್ಲ.

ಯಕ್ಷಗಾನ ಮೇಳದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಮುಖಕ್ಕೆ ಚುಟ್ಟಿ ಇಡುವುದನ್ನು ನೋಡಿ ಬೆಳೆದವನು ನಾನು. ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದೇ ಮುಳ್ಳು ಎಬ್ಬಿಸ್ತಾ ಗಂಟೆಗಟ್ಟಲೆ ಕೂರ್ತಾರೆ. ಆಮೇಲೆ ಮುಖದ ಸ್ನಾಯು ಅಲ್ಲಾಡಿಸುವ ಹಾಗಿಲ್ಲ, ಇದ್ದ ಅಭಿನಯ ಎಲ್ಲ ಕಣ್ಣು, ಸ್ವರ, ಮೈಯಿಂದಲೇ ಬರಬೇಕು. ಜಾನ್ ಹರ್ಟ್‌ದೂ ಅದೇ ಕಷ್ಟ. ಆ ಮುಖದ ಕೆಳಗೆ ಒಂದು ಕಣ್ಣು, ತೊದಲುವ ಸ್ವರ, ಕುಂಟು ನಡಿಗೆ ಬಿಟ್ಟರೆ ಕೈಯಲ್ಲಿ ಬೇರೇನೂ ಇಲ್ಲ. ಟ್ರೀವ್ಸ್‌ನ ಮನೆಯಲ್ಲಿ ಅವನ ಹೆಂಡತಿ ಕೈಕುಲುಕಿದಾಗ ಮೆರಿಕ್ ಅಳ್ತಾನಲ್ಲ, ಅಲ್ಲಿ ಭುಜ ಸ್ವಲ್ಪ ಕುಗ್ಗಿದ್ದು ಬಿಟ್ಟರೆ ಏನೂ ಕಾಣುದಿಲ್ಲ.

ಕುಂದಾಪ್ರದವ

ಚೌಕಿಮನೆಯವ್ರೆ, ಬಣ್ಣದ ವೇಷಕ್ಕೆ ಜನ ಹೆದ್ರದ್ ಹೌದ್. ಆರೆ ಬೆಳ್ಗಾತ ಬಣ್ಣ ತೊಳ್ದ್ ಕೂಡ್ಲೇ ಅವ್ರ್ ನಮ್ ಒಟ್ಟಿಗೇ ಹೋಟ್ಲಲ್ ಕೂಕಂಡ್ ಬನ್ಸ್ ತಿಂತ್ರ್. ಮೆರಿಕ್‌ಗೆ ತೊಳೂಕ್ ಆತಿತ್ತಾ?

ಬಿಳಿಮಚ್ಚೆ · ಸೋಮವಾರ ರಾತ್ರಿ

ನಾನು ಬಳಗಕ್ಕೆ ಬರುವವಳಲ್ಲ, ಈ ಎಳೆ ನೋಡಿ ಮನೆಯಲ್ಲೇ ಸಿನಿಮಾ ಹಾಕಿಕೊಂಡೆ. ಕದ್ರಿಗುಡ್ಡೆ ಸರ್ ಕೇಳಿದ್ದಕ್ಕೆ ಉತ್ತರ ಕೊಡುವಾ ಅಂತ.

ನನಗೆ ತೊನ್ನು. ಕಾಲೇಜಿನಲ್ಲಿದ್ದಾಗ ತುಟಿಯ ಕೊನೆಗೆ ಶುರುವಾದದ್ದು, ಈಗ ಎಡಗೆನ್ನೆ ಪೂರ್ತಿ, ಎರಡೂ ಕೈ. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸು. ಬೆಳಗ್ಗಿನ ಬಸ್ಸು ಹೇಗಿರ್ತದೆ ಅಂತ ಗೊತ್ತಲ್ಲ, ಫುಟ್‌ಬೋರ್ಡಿನಲ್ಲಿ ಕಾಲಿಡಲು ಜಾಗ ಇರುದಿಲ್ಲ. ನನ್ನ ಪಕ್ಕದ ಸೀಟು ಮಾತ್ರ ಪಡುಬಿದ್ರೆಯವರೆಗೂ ಖಾಲಿ ಇರುವುದುಂಟು. ಕಂಡಕ್ಟರ್ “ಅಲ್ಲಿ ಸೀಟುಂಟಲ್ಲ, ಕೂತ್ಕೊಳ್ಳಿ” ಅಂತ ಬೊಬ್ಬೆ ಹೊಡೆದರೆ ಯಾರಾದರೂ ಬಂದು ಬ್ಯಾಗ್ ಮಾತ್ರ ಇಟ್ಟು ನಿಂತುಕೊಳ್ತಾರೆ. ಬ್ಯಾಗಿಗೆ ಹತ್ತುದಿಲ್ಲ ಅಂತ ಗ್ಯಾರಂಟಿ ಉಂಟೇನೋ.

ಇವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಿಟ್ಟು ಬರುವುದು ಒಳ್ಳೆಯವರ ಮೇಲೆ. “ಛೆ, ಎಷ್ಟು ಲಕ್ಷಣದ ಹುಡುಗಿ, ಪಾಪ” ಅಂತ ನನಗೆ ಕೇಳುವ ಹಾಗೇ ಹೇಳುವವರು. ಮೀನು ತಿಂದು ಮಜ್ಜಿಗೆ ಕುಡಿದಿರಾ ಅಂತ ವಿಚಾರಿಸುವವರು. (ಕರಾವಳಿಯಲ್ಲಿ ಮೀನು ತಿಂದು ಮಜ್ಜಿಗೆ ಕುಡಿಯದವರು ಯಾರಿದ್ದಾರೆ? ಹಾಗಿದ್ದರೆ ಮಲ್ಪೆಯಿಂದ ಉಳ್ಳಾಲದವರೆಗೆ ಎಲ್ಲರೂ ಬೆಳ್ಳಗಾಗಬೇಕಿತ್ತು.) ನಾನು ಕೂರುವ ಕೌಂಟರಿನಲ್ಲಿ ಕೆಲವರು ನೋಟನ್ನು ನನ್ನ ಕೈಗೆ ಕೊಡದೆ ಗಾಜಿನ ಮೇಲಿಟ್ಟು ದೂಡ್ತಾರೆ, ಹಾಗೆ ಮಾಡುವಾಗಲೂ ನಗ್ತಾರೆ. ಆ ನಗು ನೋಡಿದರೆ ನನಗೆ ಚಹಾಕ್ಕೆ ಬಂದ ಆ ದೊಡ್ಡಮಂದಿಯ ನೆನಪಾಯ್ತು.

ಈಗ ನಿಮ್ಮ ಪ್ರಶ್ನೆಗೆ. ಅವನು ಯಾಕೆ ಅಷ್ಟು ಒಳ್ಳೆಯವನು ಅಂತ ಕೇಳಿದಿರಿ. ಬೇರೆ ದಾರಿ ಉಂಟಾ ಸರ್? ನಮ್ಮನ್ನು ನೋಡಿ ಗಾಬರಿಯಾದವರನ್ನು ಸಮಾಧಾನ ಮಾಡುವ ಕೆಲಸವೂ ನಮ್ಮದೇ. ಯಾರನ್ನು ಕಂಡರೂ ಮೊದಲು ನಗುವುದು ನಾನು, ಮೊದಲು ಮಾತಾಡಿಸುವುದು ನಾನು. ತಮಾಷೆ ಕೂಡ ನನ್ನ ಮುಖದ ಮೇಲೆ ನಾನೇ ಮೊದಲು ಮಾಡಿಬಿಡ್ತೇನೆ, ಅವರಿಗೆ ಹಗುರ ಆಗಲಿ ಅಂತ. ಒಂದು ದಿನ ಸಿಡುಕಿದರೆ “ಮುಖದ ಹಾಗೇ ಬುದ್ಧಿ” ಅಂತಾರೆ. ಬೇರೆಯವರಿಗೆ ಸಿಡುಕು ಒಂದು ಗಳಿಗೆಯದ್ದು, ನನಗೆ ಅದು ಕಾಯಂ ಹೆಸರು. ಮೆರಿಕ್ ಚಹಾ ಕುಡಿಯುವಾಗ ಅಷ್ಟು ನಾಜೂಕು, ಪ್ರತಿಯೊಂದಕ್ಕೂ ಅಷ್ಟೊಂದು ಉಪಕಾರ ಸ್ಮರಣೆ ಇರುವುದು ಅವನು ದೇವರಾದ್ದಕ್ಕಲ್ಲ. ಒಂದು ತಪ್ಪು ಮಾಡಿದರೆ ವಾಪಸು ಡೇರೆಗೆ ಅಂತ ಅವನಿಗೆ ಗೊತ್ತುಂಟು. ಅದು ಅವನ ಡ್ಯೂಟಿ. ಓವರ್‌ಟೈಮ್ ಕೂಡ.

ಡೈರೆಕ್ಟರಿಗೆ ಇದು ಗೊತ್ತಿತ್ತಾ, ಜಾನ್ ಹರ್ಟ್‌ಗೆ ಗೊತ್ತಿತ್ತಾ, ನನಗೆ ತಿಳಿಯದು. ನನಗಂತೂ ಕಂಡದ್ದು ಅದೇ.

ಕದ್ರಿಗುಡ್ಡೆ

ಇದು ನನಗೆ ಹೊಳೆದೇ ಇರಲಿಲ್ಲ. ನಾನು ಒಳ್ಳೆಯತನವನ್ನು ಕತೆ ಬರೆದವರ ಸುಲಭದ ದಾರಿ ಅಂದುಕೊಂಡೆ, ನೀವು ಅದನ್ನು ಪಾತ್ರದ ದಿನದ ಕೂಲಿ ಅಂತೀರಿ. ಹಾಗಾದರೆ ಸ್ಟೇಷನ್ನಿನ ದೃಶ್ಯವನ್ನು ಹೇಗೆ ಓದ್ತೀರಿ?

ಬಿಳಿಮಚ್ಚೆ

ಇಡೀ ಸಿನಿಮಾದಲ್ಲಿ ನನಗೆ ಇಷ್ಟ ಆದದ್ದು ಅದೊಂದೇ. ಮುಸುಕು ಹಾಕಿಕೊಂಡು ಹಡಗಿಳಿದು ಲಂಡನ್ನಿಗೆ ಬರ್ತಾನೆ, ಹುಡುಗರು ಹಿಂದೆ ಬಿದ್ದು ಕಾಡಿಸ್ತಾರೆ, ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲಿ ಒಂದು ಪುಟ್ಟ ಹುಡುಗಿಗೆ ಢಿಕ್ಕಿ ಹೊಡೀತಾನೆ. ಜನ ಮೂತ್ರಿಖಾನೆಯವರೆಗೆ ಅಟ್ಟಿಸಿಕೊಂಡು ಹೋಗಿ ಮೂಲೆಗೆ ಒತ್ತುತ್ತಾರೆ. ಅಲ್ಲಿ ಅವನು ಬೊಬ್ಬೆ ಹೊಡೀತಾನೆ, ನಾನು ಪ್ರಾಣಿಯಲ್ಲ, ಮನುಷ್ಯ ಅಂತ. ಆಗ ಕೀರ್ತನೆ ಹೇಳುದಿಲ್ಲ, ಥ್ಯಾಂಕ್ಸ್ ಹೇಳುದಿಲ್ಲ, ಯಾರಿಗೂ ಹಗುರ ಮಾಡುದಿಲ್ಲ. ಎಲ್ಲರೂ ಅಲ್ಲಿ ಅತ್ತರಂತೆ. ನನಗೆ ಅಳು ಬರಲಿಲ್ಲ. ಒಂದು ಸಲ ಬಸ್ಸಿನಲ್ಲಿ ಹಾಗೆ ಬೊಬ್ಬೆ ಹಾಕಬೇಕು ಅನಿಸಿತು, ಅಷ್ಟೇ.

ಮಲ್ಪೆ ಮೀನು

ಹಾಕಿ. ನಾನೂ ಅದೇ ರೂಟಿನವ, ನಿಮ್ಮ ಜೊತೆ ನಾನೂ ಹಾಕ್ತೇನೆ. ಇದು ತಮಾಷೆಗೆ ಹೇಳಿದ್ದಲ್ಲ.

ಚರ್ಮಾಂಬರ

ಬಿಳಿಮಚ್ಚೆ ಅಕ್ಕ, ನೀವು ಬರೆದದ್ದನ್ನು ನಮ್ಮ ಬ್ಯಾಚಿನವರಿಗೆ ಓದಿ ಹೇಳಬಹುದಾ? ಹೆಸರು ಬೇಡ. ತೊನ್ನು ಹರಡುವುದಲ್ಲ, ಬಣ್ಣ ಕೊಡುವ ಜೀವಕೋಶಗಳನ್ನು ಮೈಯ ರಕ್ಷಣಾ ವ್ಯವಸ್ಥೆಯೇ ಕೊಲ್ಲುವುದು ಅಂತ ನಾವು ರೋಗಿಗೆ ಹೇಳ್ತೇವೆ, ಆದರೆ ರೋಗಿಗೆ ಅದು ಮೊದಲೇ ಗೊತ್ತಿರ್ತದೆ. ಹೇಳಬೇಕಾದ್ದು ಬಸ್ಸಿನಲ್ಲಿ ನಿಂತವರಿಗೆ.

ಬಿಳಿಮಚ್ಚೆ

ಓದಿ. ಮಜ್ಜಿಗೆಯ ಭಾಗ ಬಿಡಬೇಡಿ.

ತೊಕ್ಕೊಟ್ಟು ಲೋಕಲ್

ತಡವಾಗಿ ಬಂದೆ. ಒಂದು ವಿಷಯ ಯಾರೂ ಎತ್ತಲಿಲ್ಲ. ಸಿನಿಮಾದಲ್ಲಿ ಬೈಟ್ಸ್ ಎಂಬ ಕುಡುಕ ಯಜಮಾನ ಮೆರಿಕ್‌ನನ್ನು ಹೊಡೆದು ಬಡಿದು ಪ್ರದರ್ಶನಕ್ಕೆ ಇಡ್ತಾನಲ್ಲ, ಚರಿತ್ರೆ ಹಾಗಿಲ್ಲ. ಮೆರಿಕ್ ನಾಲ್ಕು ವರ್ಷದ ಹತ್ತಿರ ಲೆಸ್ಟರಿನ ವರ್ಕ್‌ಹೌಸಿನಲ್ಲಿದ್ದ. ವರ್ಕ್‌ಹೌಸ್ ಅಂದರೆ ಗತಿಯಿಲ್ಲದವರನ್ನು ಕೂಡಿಹಾಕಿ ಗಂಜಿ ಹಾಕಿ ದುಡಿಸುವ ಜಾಗ. ಅಲ್ಲಿಂದ ಹೊರಬರಲು 1884ರಲ್ಲಿ ತಾನೇ ಒಬ್ಬ ಪ್ರದರ್ಶನದವನಿಗೆ ಕಾಗದ ಬರೆದು ನನ್ನನ್ನು ತೋರಿಸಿ ಅಂತ ಕೇಳಿಕೊಂಡ. ಲಂಡನ್ನಿನಲ್ಲಿ ಅವನನ್ನು ಪ್ರದರ್ಶನಕ್ಕಿಟ್ಟ ಟಾಮ್ ನಾರ್ಮನ್, ನಾನು ಹೊಡೆಯಲಿಲ್ಲ, ಸಂಪಾದನೆಯಲ್ಲಿ ಪಾಲು ಕೊಡ್ತಿದ್ದೆ ಅಂತ ಆಮೇಲೆ ಟ್ರೀವ್ಸ್ ವಿರುದ್ಧವೇ ಬರೆದಿದ್ದಾನೆ. ಮೆರಿಕ್ ಸುಮಾರು 50 ಪೌಂಡು ಉಳಿತಾಯ ಮಾಡಿದ್ದ. ಯುರೋಪಿಗೆ ಕರೆದುಕೊಂಡು ಹೋದ ಇನ್ನೊಬ್ಬ ಮ್ಯಾನೇಜರ್ ಅದನ್ನು ಕದ್ದು ಅವನನ್ನು ನಡುನೀರಿನಲ್ಲಿ ಬಿಟ್ಟ. 1886ರಲ್ಲಿ ವಾಪಸು ಲಂಡನ್ನಿಗೆ ಬಂದದ್ದು ಹಾಗೆ. ಆಸ್ಪತ್ರೆಯ ಮುಖ್ಯಸ್ಥರು ‘ದಿ ಟೈಮ್ಸ್’ ಪತ್ರಿಕೆಗೆ ಬರೆದ ಪತ್ರ ನೋಡಿ ಜನ ಹಣ ಕಳಿಸಿದರು, ಕಡೆಯವರೆಗೂ ಅಲ್ಲೇ ಇರಲು ಅನುಕೂಲ ಆಯಿತು.

ಅಂದರೆ ಗೊತ್ತಾಯ್ತಲ್ಲ, ಲೆಕ್ಕ ಹಾಕಿ ತೀರ್ಮಾನ ತೆಗೆದುಕೊಂಡವನು ಅವನು. ಗಂಜಿಮನೆಗಿಂತ ಡೇರೆ ವಾಸಿ, ಕೈಯಲ್ಲಿ ನಾಲ್ಕು ಕಾಸಾದರೂ ಇರ್ತದೆ ಅಂತ. ಸಿನಿಮಾ ಆ ತೀರ್ಮಾನವನ್ನು ಅವನಿಂದ ಕಿತ್ತುಕೊಂಡಿತು. ಯಾಕೆಂದರೆ ದುಡ್ಡು ಎಣಿಸುವ ಮೆರಿಕ್‌ನನ್ನು ನೋಡಿ ಯಾರೂ ಅಳುದಿಲ್ಲ. ಕತೆ ಡಾಕ್ಟ್ರ ಪುಸ್ತಕದಿಂದ ಬಂತು, ಡಾಕ್ಟ್ರು ಕಂಡಂತೆ ಬಂತು.

ಬ್ರಹ್ಮಾವರದ ಟೀಚರ್

ಕತೆ ಡಾಕ್ಟ್ರು ಕಂಡಂತೆ ಬಂತು ಎನ್ನುವುದನ್ನು ಒಪ್ತೇನೆ. ಆದರೆ ಡೇರೆಯನ್ನು ಹೊಗಳುವುದು ಬೇಡ. ಎರಡು ಕೆಟ್ಟದರಲ್ಲಿ ಒಂದನ್ನು ಆರಿಸಿಕೊಂಡದ್ದನ್ನು ಸ್ವಾತಂತ್ರ್ಯ ಅಂತ ಕರೆದರೆ ಗಂಜಿಮನೆ ಕಟ್ಟಿದವರಿಗೆ ಖುಷಿಯಾಗ್ತದೆ.

ಲಂಡನ್ನಿನವರನ್ನು ಬೈಯುವ ಭರದಲ್ಲಿ ನಮ್ಮ ಊರನ್ನೂ ಸ್ವಲ್ಪ ನೋಡುವ. ಮೆರಿಕ್ ಸತ್ತ ಅದೇ 1890ರಲ್ಲಿ ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಕುಷ್ಠರೋಗಿಗಳಿಗೆ ಆಶ್ರಯ ಶುರುಮಾಡಿದರು. ಅದಕ್ಕೆ ಹತ್ತು ವರ್ಷ ಮೊದಲು ಅವರು ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿದ್ದು, ಈಗ ಕಾಣುವ ದೊಡ್ಡ ಆಸ್ಪತ್ರೆಯ ಬುಡ ಅದೇ. ಮನೆಯವರೇ ಹೊರಗೆ ಹಾಕಿದ ರೋಗಿಗಳಿಗೆ ಮಲಗಲು ಒಂದು ಜಾಗ ಆಯ್ತು. ಕುಷ್ಠಕ್ಕೆ ಗುಣವಾಗುವ ಔಷಧ ಬಂದು ಎಷ್ಟೋ ಕಾಲದ ಮೇಲೆ, 2016ರಲ್ಲಷ್ಟೇ, ರೋಗಿಗಳನ್ನು ಹಿಡಿದು ಬೇರೆ ಇಡಲು ಬಿಡುವ 1898ರ ಬ್ರಿಟಿಷ್ ಕುಷ್ಠರೋಗಿಗಳ ಕಾಯ್ದೆಯನ್ನು ನಮ್ಮ ಪಾರ್ಲಿಮೆಂಟ್ ರದ್ದು ಮಾಡಿತು. ಕುಷ್ಠ ಇದ್ದರೆ ವಿಚ್ಛೇದನ ಕೊಡಬಹುದು ಎಂಬ ಕಲಮು ಹೋದದ್ದು 2019ರಲ್ಲಿ.

ರೋಗದ ಮಾತು ಬಿಡಿ, ಯಾವ ರೋಗವೂ ಇಲ್ಲದ ಕೊರಗರಿಗೆ, ಇಲ್ಲಿನದೇ ಬುಡಕಟ್ಟಿನವರಿಗೆ, ನಾವು ಮಾಡಿದ್ದೇನು? ಅಜಲು ಅಂತ ಹೆಸರಿಟ್ಟು ನಮ್ಮ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ, ನಮ್ಮ ರೋಗ ಅವರಿಗೆ ದಾಟಿತು ಅಂತ ನೆಮ್ಮದಿಯಾಗಿ ಮನೆಗೆ ಬರ್ತಿದ್ದೆವು. ಇದನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. 1900 ಅಲ್ಲ, 2000. ಲಂಡನ್ನಿನ ಡೇರೆಯಲ್ಲಿ ನೋಡಿ ಹೋಗ್ತಿದ್ದರು, ಇಲ್ಲಿ ತಿನ್ನಿಸಿ ಹೋಗ್ತಿದ್ದರು.

ಕುಂದಾಪ್ರದವ

ಟೀಚರೇ, ಇದ್ ಓದಿ ಚಾ ಕುಡೂಕ್ ಆಯ್ಲಿಲ್ಲ.

ಚೌಕಿಮನೆ

ಉಡುಪಿಯಲ್ಲಿ ಕನಕನ ಕಿಂಡಿಯೂ ಉಂಟಲ್ಲ? ಒಳಗೆ ಬಿಡದಿದ್ದ ಭಕ್ತನ ಕಡೆಗೆ ದೇವರೇ ತಿರುಗಿದ ಕತೆ. ನಮ್ಮ ಊರಿಗೆ ಅದೂ ಗೊತ್ತುಂಟು.

ತೊಕ್ಕೊಟ್ಟು ಲೋಕಲ್

ದೇವರು ತಿರುಗಿದರು, ಸರಿ. ಬಾಗಿಲು ಕಾಯುವವರು ತಿರುಗಿದರಾ? ಕನಕದಾಸರು ದೊಡ್ಡ ಭಕ್ತರು, ದೊಡ್ಡ ಕವಿ. ಭಕ್ತಿಯೂ ಇಲ್ಲ, ಹಾಡಲೂ ಬರುದಿಲ್ಲ ಎನ್ನುವವನಿಗೆ ಗೋಡೆ ಒಡೆಯುತ್ತಿತ್ತಾ? ಕದ್ರಿಗುಡ್ಡೆಯವರು ಮೊದಲು ಕೇಳಿದ ಪ್ರಶ್ನೆ ಇದೇ ಅಲ್ಲವಾ.

ಕದ್ರಿಗುಡ್ಡೆ · ಮಂಗಳವಾರ

ಅದೇ. ಅದಕ್ಕೇ ನನಗೆ ಎರಡು ದಿನದಿಂದ ‘ಚೋಮನ ದುಡಿ’ ತಲೆಯಲ್ಲಿ ತಿರುಗ್ತಾ ಉಂಟು. ಶಿವರಾಮ ಕಾರಂತರ ಕಾದಂಬರಿ 1933ರದ್ದು, ಬಿ.ವಿ. ಕಾರಂತರ ಸಿನಿಮಾ 1975ರದ್ದು. ಸ್ವರ್ಣಕಮಲ ಬಂತು, ಚೋಮನ ಪಾತ್ರ ಮಾಡಿದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೂ ಕಪ್ಪು-ಬಿಳುಪು, ಅದೂ ಸಮಾಜ ಹೊರಗಿಟ್ಟವನ ಕತೆ.

ಆದರೆ ಚೋಮ ಯಾರಿಗೂ ಕೀರ್ತನೆ ಹೇಳಿ ತೋರಿಸುದಿಲ್ಲ. ಕುಡೀತಾನೆ, ಮಕ್ಕಳ ಮೇಲೆ ರೇಗ್ತಾನೆ, ಹಟಮಾರಿ. ಕಾಡಿನಲ್ಲಿ ಸಿಕ್ಕಿದ ಎತ್ತುಗಳನ್ನು ಮಾತ್ರ ಸ್ವಂತ ಮಕ್ಕಳಿಗಿಂತ ಹೆಚ್ಚು ಸಾಕ್ತಾನೆ. ಅವನಿಗೆ ಬೇಕಾದ್ದು ಪ್ರೀತಿಯಲ್ಲ, ಚಹಾ ಅಲ್ಲ, ಉಳಲು ಒಂದು ತುಂಡು ಗದ್ದೆ. ಒಡೆಯ ಸಂಕಪ್ಪಯ್ಯ ಕೆಟ್ಟವನೇನಲ್ಲ, ಮನಸ್ಸು ಅರ್ಧ ಕರಗ್ತದೆ, ತಾಯಿ ಒಂದು ಮಾತು ಹೇಳಿದ್ದೇ ಗಟ್ಟಿಯಾಗ್ತದೆ. ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದಾರೆ, ಕೈ ಕೊಡಲು ಹೊರಟವನನ್ನು ಉಳಿದವರು ತಡೀತಾರೆ, ಮುಟ್ಟಬಾರದ ಜಾತಿ ಅಂತ. ಆ ದೃಶ್ಯದಲ್ಲಿ ಕ್ಯಾಮೆರಾ ಯಾರನ್ನೂ ಬೈಯುದಿಲ್ಲ. ಮೆರಿಕ್‌ನ ಸುತ್ತ ಬೈಟ್ಸ್ ಇದ್ದಾನೆ, ರಾತ್ರಿ ಕಾಸು ತೆಗೆದುಕೊಂಡು ಕುಡುಕರನ್ನು ಒಳಗೆ ಬಿಡುವ ಪೋರ್ಟರ್ ಇದ್ದಾನೆ, ಎರಡು ರಾಕ್ಷಸರಿಗೆ ಬೈದು ನಾವು ಮನೆಗೆ ಹೋಗಬಹುದು. ಚೋಮನ ಕತೆಯಲ್ಲಿ ಬೈಯಲು ಒಬ್ಬನೂ ಸಿಕ್ಕುದಿಲ್ಲ, ಎಲ್ಲರೂ ನಮ್ಮ ಅಜ್ಜ-ಅಜ್ಜಿಯರ ಹಾಗೇ ಕಾಣ್ತಾರೆ.

ಅದಕ್ಕೇ ನನ್ನ ಲೆಕ್ಕದಲ್ಲಿ ಅದು ದೊಡ್ಡ ಸಿನಿಮಾ.

ಬ್ರಹ್ಮಾವರದ ಟೀಚರ್

ದೊಡ್ಡದು-ಸಣ್ಣದು ಅಂತ ತೂಗುವುದು ಯಾಕೆ? ಮೆರಿಕ್‌ಗೆ ದಿಂಬು ತೆಗೆದು ಎಲ್ಲರ ಹಾಗೆ ಮಲಗಬೇಕು ಅಂತ ಆಸೆ. ಚೋಮನಿಗೆ ಎಲ್ಲರ ಹಾಗೆ ಉಳಬೇಕು ಅಂತ ಆಸೆ. ಒಬ್ಬ ಸದ್ದಿಲ್ಲದೆ ಹೋದ. ಇನ್ನೊಬ್ಬ ಬಾಗಿಲು ಹಾಕಿಕೊಂಡು ಇಡೀ ಊರಿಗೆ ಕೇಳುವ ಹಾಗೆ ದುಡಿ ಬಾರಿಸ್ತಾ ಹೋದ. ನನಗೆ ಇಬ್ಬರೂ ಬೇಕು.

ತೊಕ್ಕೊಟ್ಟು ಲೋಕಲ್

ಚೋಮನ ಕತೆಯನ್ನೂ ಹೇಳಿದ್ದು ಇಬ್ಬರು ಕಾರಂತರು. ಚೋಮನ ಮನೆಯವರಲ್ಲ. ಮೆರಿಕ್‌ಗೆ ಡಾಕ್ಟ್ರು ಇದ್ದ ಹಾಗೆ. ಇಬ್ಬರೂ ದೊಡ್ಡವರೇ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಕದ್ರಿಗುಡ್ಡೆ ಸರ್, ಒಬ್ಬನನ್ನು ‘ಪಾಪ, ಒಳ್ಳೆಯವ’ ಅಂತ ತೋರಿಸಿದ್ದಕ್ಕೆ ತಕರಾರು ಎತ್ತುವವರು ಇನ್ನೊಬ್ಬನನ್ನು ‘ಕುಡುಕ, ಹಟಮಾರಿ’ ಅಂತ ತೋರಿಸಿದ್ದಕ್ಕೂ ಎತ್ತಬೇಕಲ್ಲ? ಅದು ಯಾರ ಕಣ್ಣಿಗೆ ಕಂಡ ಚೋಮ?

ಕದ್ರಿಗುಡ್ಡೆ

ಎತ್ತಬಹುದು. ನೋಡಿಯೇ ಎತ್ತುವ. ಮುಂದಿನ ಶನಿವಾರ ‘ಚೋಮನ ದುಡಿ’ ಹಾಕುವ ಅಂತ ನನ್ನ ಸಲಹೆ, ನಿರ್ವಾಹಕರು ಏನಂತಾರೋ. ಈ ಸಲ ಸಂಜೆ 5ಕ್ಕೇ ಶುರುಮಾಡುವ, ಉಡುಪಿ, ಕುಂದಾಪುರದವರಿಗೆ ವಾಪಸು ಬಸ್ಸು ಸಿಗಬೇಕು. ಒಳ್ಳೆಯ ಪ್ರಿಂಟ್ ಯಾರ ಹತ್ತಿರ ಉಂಟು ಹೇಳಿ, ಯೂಟ್ಯೂಬಿನಲ್ಲಿ ನೋಡಿದ್ದು ಮಬ್ಬು ಮಬ್ಬು.

ಮಲ್ಪೆ ಮೀನು

ಪ್ರಿಂಟ್ ನಾನು ವಿಚಾರಿಸ್ತೇನೆ. ನಿಮಗೆ ಫ್ಯಾನಿನ ಅಡಿಯ ಕುರ್ಚಿ ರಿಸರ್ವ್.

ನಿರ್ವಾಹಕ

ಶನಿವಾರ 5 ಗಂಟೆ, ಖಾತ್ರಿ. ಸಿನಿಮಾ ಮುಗಿದ ಮೇಲೆ ಅರ್ಧ ಗಂಟೆ ಚರ್ಚೆ. ಮೊದಲು ಮಾತಾಡುವವರು ಯಾರು ಅಂತ ಇಲ್ಲೇ ಹೇಳಿ.

ಚರ್ಮಾಂಬರ

ಬಿಳಿಮಚ್ಚೆ ಅಕ್ಕ ಮಾತಾಡಲಿ.

ಬಿಳಿಮಚ್ಚೆ

ಬರ್ತೇನೆ, ಆದರೆ ಮೊದಲು ಮಾತಾಡುದಿಲ್ಲ. ಮೊನ್ನೆ ಬರೆದದ್ದೇ ಸಾಕು, ಪ್ರತಿ ಸಲ ನನ್ನ ಮುಖದಿಂದಲೇ ಚರ್ಚೆ ಶುರುವಾಗುವುದು ಬೇಡ. ತೊಕ್ಕೊಟ್ಟಿನವರು ಶುರುಮಾಡಲಿ, ಆ ಪ್ರಶ್ನೆ ಚೆನ್ನಾಗಿತ್ತು. ಮತ್ತೆ ಕದ್ರಿಗುಡ್ಡೆ ಸರ್, ಚೋಮನ ಸಿಟ್ಟನ್ನು ನೀವು ಹೊಗಳುವ ರೀತಿಯೂ ನನಗೆ ಪೂರ್ತಿ ಸರಿ ಕಾಣುದಿಲ್ಲ. ಸಿಟ್ಟು ಮಾಡಿದ್ದಕ್ಕೆ ಅವನಿಗೆ ಏನಾಯ್ತು ಅಂತ ಟೀಚರ್ ಬರೆದಿದ್ದಾರಲ್ಲ. ಸಿನಿಮಾ ನಾನು ನೋಡಿಲ್ಲ, ನೋಡಿ ಆದ ಮೇಲೆ ಜಗಳ ಮಾಡುವ.